ಹೊಳೆದಂಡೆಯ ಬಿಡಾರ, ಮೂರು ಕಲ್ಲಿನ ಒಲೆ

ಕೆಲವು ವರ್ಷಗಳ ಹಿಂದೆ ಆಫೀಸಿನ ಕೆಲಸದ ಮೇಲೆ ಇಂಗ್ಲೆಂಡಿಗೆ ಹೋಗಿದ್ದೆ. ಒಂದು ಶನಿವಾರ ನಾವು ನಾಲ್ಕು ಜನ ಸೇರಿ ಅಲ್ಲಿನ ‘ಲೇಕ್ ಡಿಸ್ಟ್ರಿಕ್ಟ್’ ಅನ್ನೋ ಸರೋವರ ಸೀಮೆಗೆ ಹೊರಟೆವು. ಕೆರೆಗಳ ಸುತ್ತ ಬೋಳು ಗುಡ್ಡಗಳು. ಗುಡ್ಡಕ್ಕೆ ಅವರು ‘ಫೆಲ್’ ಅಂತಾರೆ, ಸಾವಿರ ವರ್ಷದ ಹಿಂದೆ ಬಂದು ನೆಲೆಸಿದ ನಾರ್ಸ್ ಜನ ಬಿಟ್ಟುಹೋದ ಶಬ್ದವಂತೆ. ಹೊಟೇಲು ದುಬಾರಿ, ಮೇಲಾಗಿ ಅನ್ನ ಸಿಗೋದಿಲ್ಲ ಅಂತ ಒಂದು ಹಳೇ ಕಲ್ಲಿನ ಮನೆ ಬಾಡಿಗೆಗೆ ಹಿಡಿದೆವು. ಅದಕ್ಕೆ ‘ಸೆಲ್ಫ್ ಕೇಟರಿಂಗ್ ಕಾಟೇಜ್’ ಅಂತ ಹೆಸರು. ಅಂದರೆ ಮನೆ ಅವರದು, ಪಾತ್ರೆ ಅವರದು, ಒಲೆ ಅವರದು, ಅಡಿಗೆ ಮಾತ್ರ ನಮ್ಮದು. ಮೇಜಿನ ಮೇಲೆ ಒಂದು ಕಡತ ಇಟ್ಟಿದ್ದರು. ಒಲೆ ಹೇಗೆ ಹಚ್ಚಬೇಕು, ಕಸ ಎಲ್ಲಿ ಹಾಕಬೇಕು, ಹೋಗುವಾಗ ಪಾತ್ರೆ ತೊಳೆದಿಡಬೇಕು ಅಂತ ಬರೆದಿತ್ತು.

ರಾತ್ರಿ ಚಿತ್ರಾನ್ನಕ್ಕೆ ಒಗ್ಗರಣೆ ಹಾಕುವಾಗ ಜೊತೆಯವನೊಬ್ಬ, “ಎಂಥಾ ಐಡಿಯಾ ನೋಡು, ನಮ್ಮಲ್ಲಿ ಯಾರಿಗೂ ಹೊಳೀಲೇ ಇಲ್ಲ” ಅಂದ. ನಾನು ಹೂಂ ಅಂದೆ. ಅಂದುಬಿಟ್ಟ ಮೇಲೆ ನಮ್ಮೂರ ಮನೆಯ ಹೊರಗಿನ ಪಡಸಾಲೆ ನೆನಪಾಯಿತು. ನಾಚಿಕೆಯೂ ಆಯಿತು. ಯಾಕೆ ಅಂತ ಮುಂದೆ ಹೇಳ್ತೀನಿ.

ನಮ್ಮೂರು ಇರೋದು ಹಾವೇರಿ ತಾಲೂಕಿನಲ್ಲಿ, ಗಳಗನಾಥದ ಹತ್ತಿರ. ಗಳಗನಾಥ ಅಂದ ಕೂಡಲೇ ಬಹಳ ಜನರಿಗೆ ಕಾದಂಬರಿಕಾರ ಗಳಗನಾಥರು (1869–1942) ನೆನಪಾಗ್ತಾರೆ. ಅವರ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ, ಹುಟ್ಟಿದ್ದು ಪಕ್ಕದ ಹಾವನೂರಿನಲ್ಲಿ. ತಾವೇ ಬರೆದು, ತಾವೇ ಅಚ್ಚು ಹಾಕಿಸಿ, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದ ಮನುಷ್ಯ. ಆದರೆ ಊರಿನ ಆಸ್ತಿ ಅವರೊಬ್ಬರೇ ಅಲ್ಲ. ವರದಾ ನದಿ ಬಂದು ತುಂಗಭದ್ರೆಯನ್ನು ಸೇರೋದು ಇಲ್ಲೇ. ಸಂಗಮದ ದಂಡೆಯ ಮೇಲೆ ಹನ್ನೊಂದನೇ ಶತಮಾನದ, ಕಲ್ಯಾಣ ಚಾಲುಕ್ಯರ ಕಾಲದ ಗಳಗೇಶ್ವರ ಗುಡಿ ಇದೆ. ಬೇರೆ ಚಾಲುಕ್ಯ ಗುಡಿಗಳ ಹಾಗಲ್ಲ ಇದು. ಬುಡದ ಸುತ್ತ ಕಲ್ಲುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಜಾರು ಪೇರಿಸಿದ್ದಾರೆ, ದೂರದಿಂದ ನೋಡಿದರೆ ಪಿರಮಿಡ್ಡಿನ ಮೇಲೆ ಶಿಖರ ಇಟ್ಟ ಹಾಗೆ ಕಾಣ್ತದೆ. ಸಾಯಂಕಾಲ ಅಲ್ಲಿ ಕೂತರೆ ಎದ್ದು ಬರೋ ಮನಸ್ಸಾಗೋದಿಲ್ಲ.

ಹೊಳೆ, ಗುಡಿ, ಸಂಗಮ ಇದ್ದಲ್ಲಿ ಜನ ಬರ್ತಾರೆ. ಬಂದವರು ಎಲ್ಲಿ ಇಳಕೊಳ್ತಾರೆ, ಏನು ತಿಂತಾರೆ? ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಯಾವ ರಾಜ ಯಾವ ಗುಡಿ ಕಟ್ಟಿಸಿದ ಅಂತ ಇರ್ತದೆ, ಗುಡಿ ನೋಡಲು ಬಂದವನು ರಾತ್ರಿ ಎಲ್ಲಿ ಮಲಗಿದ ಅಂತ ಹುಡುಕಬೇಕು.

ಹಳೆಯ ಶಾಸನಗಳಲ್ಲಿ ಈ ವಿಷಯ ಸಿಗೋದು ಹೆಚ್ಚಾಗಿ ‘ಸತ್ರ’, ‘ಆಹಾರದಾನ’ ಅನ್ನೋ ಶಬ್ದಗಳ ಜೊತೆಗೆ. ದೇವರ ಪೂಜೆಗೆ, ಗುಡಿಯ ದುರಸ್ತಿಗೆ ಭೂಮಿ ಬಿಡುವಾಗಲೇ ತಪಸ್ವಿಗಳ ಮತ್ತು ಬಂದು ಹೋಗುವವರ ಊಟಕ್ಕೂ ಇಷ್ಟು ಅಂತ ಬಿಡ್ತಿದ್ದರು. ಇದರಲ್ಲಿ ನನಗೆ ಬಹಳ ಇಷ್ಟವಾದದ್ದು ಬಳ್ಳಿಗಾವಿಯ ಕೋಡಿಯಮಠದ 1162ರ ಶಾಸನ. ಶಿಕಾರಿಪುರ ತಾಲೂಕಿನ ಬಳ್ಳಿಗಾವಿ ನಮಗೆ ದೂರದ್ದೇನಲ್ಲ. ಆ ಮಠದಲ್ಲಿ ಯಾರಿಗೆಲ್ಲ ಅನ್ನ ಸಿಗ್ತಿತ್ತು ಅಂತ ಶಾಸನ ದೊಡ್ಡ ಪಟ್ಟಿಯನ್ನೇ ಕೊಡ್ತದೆ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಬಾರಿಸುವವರು, ಕುಣಿಯುವವರು. ಕಾಳಾಮುಖ ಶೈವರ ಮಠ ಅದು, ಆದರೂ ಪಟ್ಟಿಯಲ್ಲಿ ಜೈನ ಸನ್ಯಾಸಿಗಳೂ ಇದ್ದಾರೆ. ರೋಗಿಗಳಿಗೆ ಔಷಧವೂ ಇತ್ತು.

ಆದರೆ ಸತ್ರದ್ದು ಬೇಯಿಸಿದ ಅನ್ನ. ಯಾರೋ ಮಾಡಿ ಬಡಿಸ್ತಾರೆ, ನೀವು ಉಣ್ತೀರಿ. ನಾನು ಹೇಳಲು ಹೊರಟಿರೋದು ಇನ್ನೊಂದು ಬಗೆಯದು: ನೆರಳು ಮತ್ತು ನೀರು ಊರಿನದು, ಅಡಿಗೆ ನಿಮ್ಮದು. ಅದನ್ನು ನಮ್ಮ ಕಡೆ ‘ಬಿಡಾರ’ ಅಂತಾರೆ. ಬಿಡಾರ ಹೂಡೋದು, ಬಿಡಾರ ಕೀಳೋದು. ಇದನ್ನು ನೋಡಬೇಕಾದರೆ ಮೈಲಾರದ ಜಾತ್ರೆಗೆ ಹೋಗಬೇಕು.

ಮೈಲಾರ ಹೊಳೆಯ ಆಚೆ ದಂಡೆಗೆ, ಹೂವಿನಹಡಗಲಿ ತಾಲೂಕಿನಲ್ಲಿದೆ. ಇಲ್ಲಿ ಒಂದು ಮಾತು ಹೇಳಬೇಕು. ಇವತ್ತು ನಮಗೆ ಅದು ಬರೀ ಹೊಳೆ, ಆದರೆ ನೂರಾರು ವರ್ಷ ಅದೊಂದು ಗಡಿ. ಆಚೆಯ ಬಳ್ಳಾರಿ ಸೀಮೆ 1800ರಲ್ಲಿ ನಿಜಾಮನಿಂದ ಕಂಪನಿಯ ಕೈಗೆ ಹೋಗಿ ಮದ್ರಾಸ್ ಪ್ರಾಂತ್ಯ ಸೇರಿತು. ಈಚೆಯ ಧಾರವಾಡ ಸೀಮೆ 1818ರಲ್ಲಿ ಪೇಶ್ವೆಗಳು ಬಿದ್ದ ಮೇಲೆ ಮುಂಬಯಿಯವರ ಪಾಲಾಯಿತು. ರಾಣೆಬೆನ್ನೂರು ದಾಟಿ ಹರಿಹರಕ್ಕೆ ಹೋದರೆ ಮೈಸೂರು ಸಂಸ್ಥಾನ. ಮೂರು ಸರಕಾರ, ಒಂದೇ ಭಾಷೆ. ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರಲ್ಲಿ, ನಾವು ಸೇರಿದ್ದು 1956ರಲ್ಲಿ. ಹಾವೇರಿ ಜಿಲ್ಲೆಯಾಗಿದ್ದು 1997ರಲ್ಲಿ, ಮೈಲಾರ ವಿಜಯನಗರ ಜಿಲ್ಲೆಗೆ ಹೋಗಿದ್ದು 2021ರಲ್ಲಿ. ಈ ಎಲ್ಲ ಗಡಿಗಳನ್ನು ಮೈಲಾರಲಿಂಗನ ಒಕ್ಕಲು ಯಾವತ್ತೂ ಲೆಕ್ಕಕ್ಕೆ ತಗೊಳ್ಳಲೇ ಇಲ್ಲ. ಭರತ ಹುಣ್ಣಿಮೆ ಬಂತೆಂದರೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಕಡೆಯ ಚಕ್ಕಡಿಗಳು ಹೊಳೆಯ ದಾರಿ ಹಿಡಿಯೋವು. ಆ ಹೊತ್ತಿಗೆ ನೀರು ಇಳಿದಿರ್ತದೆ, ಚಕ್ಕಡಿ ನೀರಲ್ಲೇ ದಾಟೋವು. ಈಗ ಟ್ರ್ಯಾಕ್ಟರುಗಳೇ ಜಾಸ್ತಿ, ಆದರೆ ಚಕ್ಕಡಿ ಕಟ್ಟಿಕೊಂಡು ಹೋಗೋರು ಪೂರ್ತಿ ಇಲ್ಲವಾಗಿಲ್ಲ.

ಚಕ್ಕಡಿಯಲ್ಲಿ ಏನೇನು ಇರ್ತಿತ್ತು ಅನ್ನೋದನ್ನು ನಮ್ಮ ಆಯಿ ಬಾಯಿಪಾಠ ಹೇಳ್ತಿದ್ದಳು. ಜೋಳದ ಹಿಟ್ಟು, ಹಂಚು, ಬುಟ್ಟಿ, ಕೊಡ, ಹಗ್ಗ, ಬ್ಯಾಡಗಿ ಮೆಣಸಿನಕಾಯಿಯ ಖಾರದಪುಡಿ, ಶೇಂಗಾ ಚಟ್ನಿ, ಬೆಲ್ಲ, ಕೌದಿ, ಎತ್ತಿಗೆ ಕಣಕಿ. ಮೊದಲ ಎರಡು ದಿನಕ್ಕೆ ಖಡಕ್ ರೊಟ್ಟಿಯ ಬುತ್ತಿ, ಆಮೇಲೆ ಬಿಸಿ ಅಡಿಗೆ. ಹೊಲದಲ್ಲಿ ಚಕ್ಕಡಿ ಬಿಟ್ಟು, ಮೂಕಿಗೆ ಕಂಬಳಿ ಕಟ್ಟಿದರೆ ಮನೆ ಆಯಿತು. ಮೂರು ಕಲ್ಲು ಇಟ್ಟರೆ ಅಡಿಗೆಮನೆ. ದೇವರಿಗೆ ಎಡೆ ಅಲ್ಲೇ ಮಾಡೋದು, ಗೊರವಯ್ಯನ ದೋಣಿ ತುಂಬಿಸೋದು ಅದರಿಂದಲೇ. ಕೊನೆಗೆ ಗೊರವಯ್ಯ ಬಿಲ್ಲೇರಿ ಒಂದೇ ಮಾತು ನುಡೀತಾನೆ. ಆ ಕಾರ್ಣಿಕದಲ್ಲಿ ಮಳೆ ಬೆಳೆ ಏನಿದೆ ಅಂತ ಅರ್ಥ ಹಚ್ಚುತ್ತ ಬಿಡಾರ ಕೀಳ್ತಾರೆ. ಸವದತ್ತಿ ಎಲ್ಲಮ್ಮನ ಗುಡ್ಡದಲ್ಲೂ ಇದೇ ಪದ್ಧತಿ. ಅಲ್ಲಿ ಗಿಡದ ಬುಡಕ್ಕೊಂದು ಒಲೆ ಹೂಡಿ, ಹೋಳಿಗೆ ಮಾಡಿ, ಪಡಲಗಿ ತುಂಬಿಸ್ತಾರೆ.

ಬ್ರಿಟಿಷರು ಬಂದ ಮೇಲೆ ರಸ್ತೆಗುಂಟ ಬಂಗಲೆಗಳಾದವು. 1884ರ ಧಾರವಾಡ ಜಿಲ್ಲಾ ಗೆಜೆಟಿಯರಿನಲ್ಲಿ ಪ್ರವಾಸಿಗರ ಬಂಗಲೆಗಳ ಮಾತೂ ಇದೆ, ಧರ್ಮಶಾಲೆಗಳ ಮಾತೂ ಇದೆ. ನನಗೆ ಇದೊಂದು ತಮಾಷೆ. ಸಾಹೇಬರದೂ ಒಂಥರಾ ಬಿಡಾರವೇ! ಬಂಗಲೆಯಲ್ಲಿ ಮೇಜು, ಕುರ್ಚಿ, ಮಂಚ ಇರೋವು. ಕೋಳಿ ಹಿಡಿದು ತರೋದಕ್ಕೆ, ಬೇಯಿಸೋದಕ್ಕೆ ಖಾನಸಾಮೆ ಬೇಕು, ಇಲ್ಲವೇ ಸಾಹೇಬರ ಜೊತೆ ಬಂದ ಅಡಿಗೆಯವನೇ ಮಾಡಬೇಕು. ಅದೇ ಮುಂದೆ ಪ್ರವಾಸಿ ಮಂದಿರ ಆಯಿತು, ನಮ್ಮ ಬಾಯಲ್ಲಿ ‘ಐಬಿ’. ಧರ್ಮಶಾಲೆಯಲ್ಲಿ ಮೇಜು ಕುರ್ಚಿ ಇಲ್ಲ. ಒಂದು ಕಟ್ಟೆ, ನಾಲ್ಕು ಕಂಬ, ಒಂದು ಭಾವಿ, ಮೂಲೆಯಲ್ಲಿ ಮಸಿ ಹಿಡಿದ ಒಲೆ.

ಇಷ್ಟರವರೆಗೆ ಬರೆದದ್ದನ್ನು ಓದಿದರೆ ನಮ್ಮದೇ ಶ್ರೇಷ್ಠ ಅಂತ ಎದೆ ಉಬ್ಬಿಸಬಹುದು. ನಾನೂ ಉಬ್ಬಿಸ್ತಿದ್ದೆ, ನಮ್ಮ ಪಡಸಾಲೆ ಇಲ್ಲದಿದ್ದರೆ.

ನಮ್ಮ ಮನೆ ಹೊಳೆಗೆ ಹೋಗೋ ದಾರಿಯಲ್ಲಿದೆ. ಜಾತ್ರೆಗೆ ಹೋಗೋರು ಒಂದು ರಾತ್ರಿ ನಮ್ಮ ಹೊರಗಿನ ಪಡಸಾಲೆಯಲ್ಲಿ ಇಳಕೊಳ್ಳೋರು. ದುಡ್ಡು ಕಾಸಿನ ಮಾತೇ ಇಲ್ಲ. ಆಯಿ ಕಟ್ಟಿಗೆ, ಉಪ್ಪು, ಮಜ್ಜಿಗೆ ಕೊಡೋಳು. ಅಂಗಳದ ಮೂಲೆಯಲ್ಲಿ ಒಂದು ಒಲೆ, ದೊಡ್ಡ ತಾಮ್ರದ ಹಂಡೆ. ಇನ್ನೊಂದು ಒಲೆ ರಸ್ತೆಯ ಆಚೆ ಬೇವಿನ ಗಿಡದ ಕೆಳಗೆ ಇತ್ತು. ಅಲ್ಲಿ ಹಂಡೆ ಇರಲಿಲ್ಲ, ಮಣ್ಣಿನ ಗಡಿಗೆ ಇತ್ತು. ನೀರನ್ನು ನಮ್ಮ ಆಳು ಮೇಲಿಂದ ಸುರೀತಿದ್ದ. ಐದಾರು ವರ್ಷದವನಿದ್ದಾಗ ಕೇಳಿದ್ದೆ, “ಆಯಿ, ಅವರ‍್ಯಾಕ ಪಡಸಾಲಿಗೆ ಬರೂದಿಲ್ಲ? ಮಳಿ ಬಂದ್ರ?” ಆಯಿ ಅಂದಿದ್ದು, “ಅವರಿಗೆ ಅಲ್ಲೇ ಛಲೋ ಆಕ್ಕೈತಿ.” ಅಷ್ಟೇ. ಆಯಿ ಕೆಟ್ಟವಳಲ್ಲ, ಅವರಿಗೂ ಮಜ್ಜಿಗೆ ಕಳಿಸ್ತಿದ್ದಳು. ಆದರೆ ಕಳಿಸ್ತಿದ್ದಳು, ಕೊಡ್ತಿರಲಿಲ್ಲ.

ಬಿಡಾರದ ಇತಿಹಾಸ ಹುಡುಕುತ್ತ ಹೋದಾಗ ನನಗೆ ಗೊತ್ತಾಗಿದ್ದು ಇದು. ನಮ್ಮಲ್ಲಿ ‘ಅವರವರ ಅಡಿಗೆ ಅವರವರು’ ಅನ್ನೋ ಪದ್ಧತಿ ಬೆಳೆದದ್ದು ಬರೀ ಸ್ವಾತಂತ್ರ್ಯಕ್ಕೋ ಉಳಿತಾಯಕ್ಕೋ ಅಲ್ಲ. ಇನ್ನೊಬ್ಬರ ಕೈಯಿನದು ಉಣ್ಣಬಾರದು, ಇನ್ನೊಬ್ಬರ ಪಾತ್ರೆ ಮುಟ್ಟಬಾರದು ಅನ್ನೋದೂ ಅದರ ಬೇರಿನಲ್ಲಿದೆ. ನಮಗೆ ಅದು ಮಡಿ. ಬೇವಿನ ಗಿಡದ ಕೆಳಗಿನವರಿಗೆ ಅದು ಬೇರೆಯೇ.

ಅಂಬೇಡ್ಕರರು ತಮ್ಮ ಬಾಲ್ಯದ ಒಂದು ಪ್ರಯಾಣ ಬರೆದಿದ್ದಾರೆ, 1901ರದು. ತಂದೆ ಕೆಲಸದಲ್ಲಿದ್ದ ಊರಿಗೆ ಸಾತಾರಾದಿಂದ ಮಕ್ಕಳು ಮಾತ್ರ ಹೊರಟಿದ್ದರು. ಇಳಿದ ಸ್ಟೇಷನ್ನು ಮಸೂರು (ನಮ್ಮ ಹಿರೇಕೆರೂರು ಕಡೆಯ ಮಾಸೂರಲ್ಲ, ಸಾತಾರಾ ಕಡೆಯದು). ಸಾತಾರಾ ಅಂದರೆ ನಮ್ಮ ಧಾರವಾಡ ಇದ್ದ ಮುಂಬಯಿ ಪ್ರಾಂತ್ಯವೇ. ಜಾತಿ ಗೊತ್ತಾದ ಮೇಲೆ ಬಂಡಿಯವರು ಒಲ್ಲೆ ಅಂದರು. ಎರಡು ಪಟ್ಟು ಬಾಡಿಗೆ ಕೊಟ್ಟು ಹುಡುಗರೇ ಬಂಡಿ ಹೊಡೆದುಕೊಂಡು ಹೋದರು. ಜೊತೆಗೆ ಬುತ್ತಿ ಬೇಕಾದಷ್ಟಿತ್ತು, ಆದರೆ ಕುಡಿಯಲು ನೀರು ಕೊಡುವವರಿರಲಿಲ್ಲ. ನೀರಿಲ್ಲದೆ ಉಣ್ಣಲಾಗದೆ ಹಾಗೇ ಮಲಗಿದರು. ನಾನು ಇದನ್ನು ಓದಿದ್ದು ಬಹಳ ತಡವಾಗಿ. ಓದಿದಾಗ ಕಣ್ಣಮುಂದೆ ಬಂದದ್ದು ನಮ್ಮ ತಾಮ್ರದ ಹಂಡೆ.

1955ರಲ್ಲಿ ಅಸ್ಪೃಶ್ಯತೆ ವಿರುದ್ಧ ಕೇಂದ್ರದ ಕಾನೂನು ಬಂತು. ಅದರಲ್ಲಿ ಧರ್ಮಶಾಲೆ, ಸರಾಯಿ, ಮುಸಾಫಿರಖಾನೆಗಳ ಹೆಸರು ಹಿಡಿದು ಬರೆದಿದ್ದಾರೆ. ಒಳಗೆ ಬಿಡಬೇಕು ಅನ್ನೋದಷ್ಟೇ ಅಲ್ಲ, ಅಲ್ಲಿ ಸಾರ್ವಜನಿಕರಿಗಾಗಿ ಇಟ್ಟ ಪಾತ್ರೆಗಳನ್ನು ಬಳಸಲು ಯಾರಿಗೂ ಅಡ್ಡಿ ಮಾಡಬಾರದು ಅಂತಲೂ ಇದೆ. ಪಾತ್ರೆಯ ಮಾತನ್ನು ಕಾನೂನಿನಲ್ಲಿ ಬರೆಯಬೇಕಾಯಿತು ಅಂದರೆ ಯೋಚಿಸಿ. ಮತ್ತೆ ನಾನು ಹೇಳಿದ ಎರಡು ಒಲೆ, ಆ ಕಾನೂನು ಬಂದು ಇಪ್ಪತ್ತು ವರ್ಷದ ಮೇಲಿನ ಮಾತು.

ಹಾಗಂತ ಇಂಗ್ಲೆಂಡಿನವರೇನು ಬಾಗಿಲು ತೆರೆದಿಟ್ಟು ಕೂತಿರಲಿಲ್ಲ. ಸರೋವರ ಸೀಮೆಯ ದೊಡ್ಡ ಕವಿ ವರ್ಡ್ಸ್‌ವರ್ತ್ 1799ರಲ್ಲಿ ಬಾಡಿಗೆಗೆ ಹಿಡಿದ ಮನೆ ಮೊದಲು ಒಂದು ಸಾರಾಯಿ ಅಂಗಡಿ ಮತ್ತು ವಸತಿಯಾಗಿತ್ತು. ಅದೇ ಕವಿ 1844ರಲ್ಲಿ ವಿಂಡರ್ಮಿಯರಿಗೆ ರೈಲು ಬೇಡ ಅಂತ ಹಟ ಹಿಡಿದ. ಕಾರಖಾನೆಯ ಕೂಲಿಗಳು ಗುಂಪುಗುಂಪಾಗಿ ಬಂದರೆ ಅವರಿಗೆ ಈ ಚೆಲುವು ತಿಳಿಯೋದೂ ಇಲ್ಲ, ಇದು ಉಳಿಯೋದೂ ಇಲ್ಲ ಅಂತ ಅವನ ವಾದ. ರೈಲು 1847ರಲ್ಲಿ ಬಂದೇ ಬಂತು, ಕೂಲಿಗಳೂ ಬಂದರು. ಅವರು ಬಂದದ್ದರಿಂದ ಇವತ್ತು ಅಲ್ಲಿ ಬಾಡಿಗೆ ಮನೆಗಳ ವ್ಯಾಪಾರ. ಈಗಿನ ದೂರು ಬೇರೆ: ಮನೆಗಳೆಲ್ಲ ಪ್ರವಾಸಿಗರಿಗೆ ಹೋಗಿ, ಅಲ್ಲೇ ಹುಟ್ಟಿದ ಹುಡುಗರಿಗೆ ಮನೆ ಸಿಗೋದು ಕಷ್ಟ ಅಂತ.

ಇದನ್ನೆಲ್ಲ ಈಗ ಬರೆಯಲು ಕಾರಣ ನಮ್ಮ ಕಾಕಾನ ಮಗ. ಊರಲ್ಲಿರೋ ಅವನು ಹೋದ ದಸರಾಕ್ಕೆ ಫೋನ್ ಮಾಡಿ, “ಅಣ್ಣಾ, ಪಡಸಾಲಿ ಬೀಳಾಕತ್ತೈತಿ. ರಿಪೇರಿ ಮಾಡಿಸಿ ಹೋಂಸ್ಟೇ ಮಾಡೂಣು. ಒಂದು ಅಡಿಗಿಮನಿ, ಗ್ಯಾಸು, ಪಾತ್ರೆ ಇಡೂಣು. ಗುಡಿ ನೋಡಾಕ ಬರೋರು ತಾವ ಮಾಡ್ಕೊಂಡ ಉಣ್ಣಲಿ” ಅಂದ. ಒಳ್ಳೆ ವಿಚಾರವೇ. ಗಳಗನಾಥಕ್ಕೆ ಗುಡಿ ನೋಡಲು ಬಂದವರು ಕತ್ತಲಾಗೋದರೊಳಗೆ ಹಾವೇರಿಗೋ ರಾಣೆಬೆನ್ನೂರಿಗೋ ಓಡ್ತಾರೆ, ಸಂಗಮದ ಬೆಳಗು ನೋಡಿದವರು ಕಡಿಮೆ. ನಾನು ಅರ್ಧ ಖರ್ಚು ಹಾಕ್ತೀನಿ ಅಂದೆ. ಆಮೇಲೆ ಅವನು ಮೆಲ್ಲಗೆ, “ಆದ್ರ ಯಾರಿಗೆ ಕೊಡೂದು ಯಾರಿಗೆ ಬಿಡೂದು ಅಂತ ಮೊದ್ಲ ಮಾತಾಡ್ಕೊಬೇಕು. ಮನ್ಯಾಗ ದೇವರು ಅದಾವು” ಅಂದ.

ಎರಡು ತಿಂಗಳು ಅದೇ ಮಾತಿಗೆ ನಿಂತಿತು. ನಾನು ದುಡ್ಡು ಕಳಿಸಲಿಲ್ಲ. ಅವನು “ನೀ ಬೆಂಗಳೂರಾಗ ಕುಂತ ಮಾತಾಡ್ತಿ, ಊರಾಗ ಬಾಳ್ವಿ ಮಾಡಾಂವ ನಾನು” ಅಂತ ಸಿಟ್ಟಾದ. ಅವನ ಮಾತಲ್ಲೂ ಸುಳ್ಳಿಲ್ಲ. ಕೊನೆಗೆ ಸಂಕ್ರಾಂತಿಗೆ ಊರಿಗೆ ಹೋದೆ. ಇಬ್ಬರೂ ಬೇವಿನ ಗಿಡದ ಕೆಳಗೆ ಹೋಗಿ ನಿಂತೆವು. ಮೂರು ಕಲ್ಲು ಇನ್ನೂ ಅಲ್ಲೇ ಇದ್ದವು, ಅರ್ಧ ಮಣ್ಣಲ್ಲಿ ಹೂತು. ಅವನು ಕಾಲಿಂದ ಒಂದನ್ನು ಅಲುಗಿಸಿ ನೋಡಿದ. ಬಹಳ ಹೊತ್ತಿನ ಮೇಲೆ, “ಇಲ್ಲಿ ಉಂಡೋರ ಮೊಮ್ಮಕ್ಕಳು ಕಾರ್ ತಗೊಂಡ ಬಂದು ಬಾಡಿಗಿ ಕೊಟ್ರ ಏನಂತ ಹೇಳ್ಲಿ ನಾ?” ಅಂದ. ನನಗೆ ಹೇಳಿದ್ದಲ್ಲ, ತನಗೇ ಹೇಳಿಕೊಂಡ ಹಾಗಿತ್ತು.

ಕೆಲಸ ಶುರುವಾಗಿದೆ. ಅಡಿಗೆಮನೆ ಒಂದೇ. ಹಂಡೆಗೆ ಕಲಾಯಿ ಹಾಕಿಸಿದ್ದಾನೆ, ಅದೂ ಅಲ್ಲೇ ಇರ್ತದೆ, ಬಂದವರು ಯಾರಾದರೂ ನೀರು ಕಾಯಿಸಿಕೊಳ್ಳಲಿ. ಬೇವಿನ ಕೆಳಗಿನ ಕಲ್ಲುಗಳನ್ನು ಕಿತ್ತು ಹಾಕೋಣ ಅಂತ ಅವನು ಅಂದ, ಬೇಡ ಅಂದೆ. ಸದ್ಯಕ್ಕೆ ಇವೆ.

ನಿಮ್ಮೂರಲ್ಲೂ ಇಂಥ ಪಡಸಾಲೆಯೋ ಛತ್ರವೋ ಧರ್ಮಶಾಲೆಯೋ ಇದ್ದೇ ಇರ್ತದೆ. ಹಿರಿಯರು ಇರುವಾಗಲೇ ಕೇಳಿ ಬರೆದಿಡಿ. ಒಲೆ ಎಷ್ಟಿದ್ದವು ಅಂತಲೂ ಕೇಳಿ.