ಹಗೇವಿನ ಜೋಳ

ಬರ ಬಿದ್ದ 1972ರ ದೀಪಾವಳಿ ಕಳೆದು ನಾಲ್ಕಾರು ದಿನವಾಗಿತ್ತು. ನಮ್ಮ ಮುತ್ಯಾ ಬೆಳಿಗ್ಗೆ ಎದ್ದವರೇ ಅಂಗಳದ ಮೂಲೆಯಲ್ಲಿ ನೆಲದಡಿ ಜೋಳ ತುಂಬಿಟ್ಟ ಹಗೇವು ತೆಗೆಸಿದರು. ನನಗಾಗ ಒಂಬತ್ತು ವರ್ಷ. ಮಣ್ಣು ಸರಿಸಿ ಚಪ್ಪಡಿ ಎತ್ತಿದ ಕೂಡಲೇ ಮಕ್ಕಳನ್ನೆಲ್ಲ ಕಟ್ಟೆಯ ಮೇಲಕ್ಕೆ ಅಟ್ಟಿದರು. ವರ್ಷಗಟ್ಟಲೆ ಮುಚ್ಚಿದ ಹಗೇವಿನಲ್ಲಿ ಕಾಳು ಕಾವೇರಿ ಕೆಟ್ಟ ಗಾಳಿ ಕಟ್ಟಿರುತ್ತದೆ; ಅವಸರಪಟ್ಟು ಇಳಿದವನು ಮೇಲೆ ಬರುವುದಿಲ್ಲ. ಮಧ್ಯಾಹ್ನದವರೆಗೆ ಬಾಯಿ ತೆರೆದಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಕೆಳಗೆ ಬಿಟ್ಟರು. ಆಳುದ್ದ ಇಳಿದಿರಲಿಲ್ಲ, ದೀಪ ಆರಿತು. ಮತ್ತೆ ಕಾದರು. ಇಳಿಹೊತ್ತಿಗೆ ಬಿಟ್ಟ ಕಂದೀಲು ತಳದಲ್ಲಿ ಉರಿಯುತ್ತಲೇ ಇತ್ತು. ಆಗ ಒಬ್ಬ ಆಳು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಒಳಗಿಳಿದ.

ಮೇಲೆ ಬಂದ ಮೊದಲ ಪುಟ್ಟಿಯಲ್ಲಿ ಗೋಡೆ ಬದಿಯ ಕಪ್ಪಿಟ್ಟ ಜೋಳ ಇತ್ತು. ಅದು ದನಕ್ಕೆ. ನಡುವಿನ ಜೋಳ ಹಳದಿ ತಿರುಗಿದ್ದರೂ ಗಟ್ಟಿಯಾಗಿತ್ತು. ಹಗೇವಿನ ಜೋಳಕ್ಕೆ ಒಂದು ಮುಗ್ಗು ವಾಸನೆ ಇರುತ್ತದೆ. ಎಷ್ಟು ತೊಳೆದರೂ ರೊಟ್ಟಿಯಲ್ಲಿ ಅದು ಉಳಿಯುತ್ತದೆ. ಆ ವರ್ಷ ಆಳಂದದ ಕಡೆಯ ನಮ್ಮೂರು ಕಿಣ್ಣಿ ಸುಲ್ತಾನದ ಎಷ್ಟೋ ಮನೆಗಳ ಒಲೆಯಿಂದ ಅದೇ ವಾಸನೆ ಬರುತ್ತಿತ್ತು. ಮುತ್ಯಾ ಜೋಳವನ್ನು ತಮ್ಮ ಮನೆಗೆಂದು ತೆಗೆಸಿರಲಿಲ್ಲ. ಮನೆಗೆ ಎಷ್ಟು ತಲೆ ಎಂದು ಎಣಿಸಿ, ಸೇರಿನಿಂದ ಅಳೆದು ಓಣಿ ಓಣಿಗೆ ಹಂಚಿದರು. ನಮ್ಮ ಮನೆಗೂ ತಲೆ ಲೆಕ್ಕವೇ.

ಆಯಿ, ಅಂದರೆ ನಮ್ಮ ಅಜ್ಜಿ, ಬಾಗಿಲಲ್ಲಿ ನಿಂತು ಕೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ. ‘ಮಕ್ಕಳು ಮೊಮ್ಮಕ್ಕಳು ಇದ್ದ ಮನಿ. ನಾಳಿಗಿ ಏನ್ ಮಾಡ್ತೀರಿ?’ ಮುತ್ಯಾ ಸೇರು ಕೆಳಗಿಡಲಿಲ್ಲ. ‘ಶರಣಬಸಪ್ಪನೂ ಸಂಸಾರಿನೇ ಅಲ್ಲೇನ?’ ಅಂದರು. ಆಯಿ ಒಳಗೆ ಹೋಗಿ ಇನ್ನೊಂದು ಪುಟ್ಟಿ ತಂದಿಟ್ಟರು.

ಈ ಭಾಗದವರಿಗೆ ಆ ಮಾತಿನ ತೂಕ ಬಿಡಿಸಿ ಹೇಳಬೇಕಿಲ್ಲ. ದೂರದ ಓದುಗರಿಗಾಗಿ ಹೇಳುತ್ತೇನೆ. ಆ ಶರಣಬಸಪ್ಪ, ಅಂದರೆ ಶರಣಬಸವೇಶ್ವರರು, ಹುಟ್ಟಿದ್ದು 1746ರಲ್ಲಿ, ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ. ತಂದೆ ಮಲಕಪ್ಪ, ತಾಯಿ ಸಂಗಮ್ಮ, ಮಡದಿ ಮಹಾದೇವಿ. ಅವರು ಕಾವಿ ಉಟ್ಟು ಗುಡ್ಡ ಹಿಡಿದವರಲ್ಲ. ಕೂರಿಗೆ ಹಿಡಿದು ಬಿತ್ತಿದರು, ಸುಗ್ಗಿಯಲ್ಲಿ ಕಣ ಮಾಡಿದರು, ಬಂದವರಿಗೆ ಉಣಬಡಿಸಿದರು. ತೆನೆಗೆ ಬಂದ ಹೊಲದಲ್ಲಿ ಎಲ್ಲರೂ ಕವಣೆ ಬೀಸಿ ಹಕ್ಕಿ ಓಡಿಸುವಾಗ ಅವರು ಹಕ್ಕಿಗಳಿಗೆಂದು ನೀರು ತುಂಬಿಟ್ಟರಂತೆ, ತಿಂದ ಮೇಲೆ ಬಾಯಾರಬಾರದೆಂದು. ಕಣದಲ್ಲಿ ಕಾಳು ಕದಿಯಲು ಬಂದ ಕಳ್ಳನಿಗೆ ಮೂಟೆ ಎತ್ತಲಾಗದಿದ್ದಾಗ ತಾವೇ ಕೈಕೊಟ್ಟು ತಲೆಗೆ ಹೊರಿಸಿದರಂತೆ. ಇವೆಲ್ಲ ಭಕ್ತರು ಬಾಯಿಂದ ಬಾಯಿಗೆ ದಾಟಿಸಿದ ಕಥೆಗಳು. ನಾನು ಇವನ್ನು ಪವಾಡವೆಂದು ಓದುವುದಿಲ್ಲ. ಒಬ್ಬ ಒಕ್ಕಲಿಗ ತನ್ನ ಬೆಳೆಯಲ್ಲಿ ಎಷ್ಟು ಜನಕ್ಕೆ ಪಾಲಿದೆ ಎಂದು ಎಣಿಸಿದ ರೀತಿ ಇದು ಎಂದು ಓದುತ್ತೇನೆ.

ಅವರು ಬದುಕಿದ ಕಾಲ ಸುಖದ ಕಾಲವಲ್ಲ. ಸೀಮೆ ನಿಜಾಮರದು, ದಂಡು ಹಾಯುವುದು, ಸುಂಕ ಸುಲಿಯುವುದು ನಿತ್ಯದ ಮಾತು. 1791-92ರ ಹೊತ್ತಿಗೆ ಡೋಗಿಬರ ಬಂತು. ಸುಡುವವರು, ಹೂಳುವವರು ಇಲ್ಲದೆ ಸತ್ತವರ ತಲೆಬುರುಡೆಗಳು ಬಯಲಲ್ಲಿ ಬಿದ್ದವೆಂದು ಆ ಬರಕ್ಕೆ ಬುರುಡೆಯ ಹೆಸರೇ ನಿಂತಿತು. ದಖ್ಖನ್ನಿನ ಉದ್ದಗಲಕ್ಕೂ ಅದು ಹಾಯ್ದಾಗ ಶರಣರಿಗೆ ನಲವತ್ತೈದರ ವಯಸ್ಸು. ದಾಸೋಹ ಎಂಬ ಶಬ್ದವನ್ನು ನಾವು ಇಂದು ಹಬ್ಬದ ಊಟಕ್ಕೆ ಹಚ್ಚುತ್ತೇವೆ. ಆ ಬರ ಕಂಡ ನೆಲದಲ್ಲಿ ಒಂದು ಮನೆಯ ಒಲೆ ಆರದೆ ಉರಿಯುವುದೆಂದರೆ ಏನೆಂದು 1972ರಲ್ಲಿ ನನಗೆ ಸ್ವಲ್ಪ ತಿಳಿಯಿತು.

ಮುಂದೆ ಅವರು ಅರಳಗುಂಡಗಿ ಬಿಟ್ಟು ಕಲಬುರಗಿಗೆ ಬಂದರು. 1822ರಲ್ಲಿ ಅಲ್ಲೇ ಲಿಂಗೈಕ್ಯರಾದರು. ಅದೇ ಊರಿನಲ್ಲಿ ಸೂಫಿ ಸಂತ ಖ್ವಾಜಾ ಬಂದೇ ನವಾಜರು ತೀರಿದ್ದು 1422ರಲ್ಲಿ, ಸರಿಯಾಗಿ ನಾನೂರು ವರ್ಷ ಮೊದಲು. ಅವರೂ ಸಂಸಾರಿಗಳೇ. ನಮ್ಮ ಮುತ್ಯಾ ಕಲಬುರಗಿಗೆ ಹೋದಾಗ ಶರಣರ ಗುಡಿಗೂ ಖ್ವಾಜಾರ ದರ್ಗಾಕ್ಕೂ ಹೋಗಿ ಬರುತ್ತಿದ್ದರು. ನಮ್ಮೂರ ಹೆಸರಿನಲ್ಲೇ ಕಿಣ್ಣಿಯ ಜೊತೆ ಸುಲ್ತಾನ ಇದ್ದಾನಲ್ಲ, ನಮಗೆ ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ.

ನನ್ನ ಮನಸ್ಸು ಸದಾ ತಡೆದು ನಿಲ್ಲುವುದು ಒಂದು ಹೆಸರಿನ ಮುಂದೆ. ಶರಣಬಸವೇಶ್ವರರ ಪೀಠ ಏರಿದವರನ್ನು ಜನ ‘ಅಪ್ಪ’ ಅನ್ನುತ್ತಾರೆ. ಗುಡಿಯ ಮಗ್ಗುಲಿನ ಕೆರೆ ಅಪ್ಪನ ಕೆರೆ. ಸಂಸ್ಥಾನದ ಹೆಸರು ದಾಸೋಹ ಮಹಾಮನೆ. ಕಲ್ಯಾಣದಲ್ಲಿ ಬಸವಣ್ಣನವರ ಮನೆಗೆ ಮಹಾಮನೆ ಎಂಬ ಹೆಸರಿತ್ತು; ಆ ಕಲ್ಯಾಣ ನಮ್ಮ ಆಳಂದದಿಂದ ದೂರವೇನಲ್ಲ. ವಿರಕ್ತ ಮಠಗಳ ಸ್ವಾಮಿಗಳು ಹೆತ್ತವರನ್ನು, ಮನೆಯನ್ನು ಬಿಟ್ಟು ಬರುತ್ತಾರೆ, ಅದಕ್ಕೆ ಅದರದೇ ಘನತೆ ಇದೆ. ಇಲ್ಲಿ ಹಾಗಲ್ಲ. ಇಲ್ಲಿ ಪೀಠದ ಮೇಲೆ ಕೂತವರಿಗೆ ಹೆಂಡತಿ ಇದ್ದರು, ಮಕ್ಕಳಿದ್ದರು, ತೊಟ್ಟಿಲು ಕಟ್ಟಿದರು, ಮದುವೆ ಮಾಡಿದರು. ಮನೆಯೇ ದೊಡ್ಡದಾಗುತ್ತ ಹೋಗಿ ಅದರ ಅಡುಗೆಮನೆಯಲ್ಲಿ ಊರೇ ಉಂಡಿತು. ತನ್ನ ಮಕ್ಕಳ ತಟ್ಟೆಗೆ ಬಡಿಸುವ ಕೈಯೇ ಪರರ ತಟ್ಟೆಗೂ ಬಡಿಸಬೇಕು ಎಂಬುದನ್ನು ನಮ್ಮ ಮುತ್ಯಾ ಕಲಿತದ್ದು ಇಲ್ಲಿಂದ. ಊರಿಗೆ ಹಿರಿಯನಾಗಲು ಮನೆಯನ್ನು ಮರೆಯಬೇಕೆಂದು ಅವರು ಎಂದೂ ತಿಳಿಯಲಿಲ್ಲ. ಪಂಚಾಯ್ತಿಗೆ ಕೂತಾಗಲೂ ತೊಡೆಯ ಮೇಲೆ ಒಬ್ಬ ಮೊಮ್ಮಗನೋ ಮೊಮ್ಮಗಳೋ ಇರುತ್ತಿದ್ದರು. ಎರಡು ಓಣಿಗಳ ನಡುವಿನ ಬಾವಿ ಜಗಳ ಹರಿದ ದಿನ ಆ ತೊಡೆಯ ಮೇಲೆ ನಿದ್ದೆಹೋದವನು ನಾನು.

ಅದೇ ಮಹಾಮನೆಯ ಏಳನೆಯ ಪೀಠಾಧಿಪತಿ ದೊಡ್ಡಪ್ಪ ಅಪ್ಪ 1934ರಲ್ಲಿ ಕಲಬುರಗಿಯಲ್ಲಿ ಮಹಾದೇವಿ ಕನ್ಯಾ ಶಾಲೆ ತೆಗೆದರು. ನಿಜಾಮರ ರಾಜ್ಯದಲ್ಲಿ ಕಚೇರಿ, ಕಲಿಕೆ ಎಲ್ಲ ಉರ್ದುವಿನಲ್ಲಿ. ಹೆಣ್ಣುಮಕ್ಕಳಿಗೆ, ಅದೂ ಕನ್ನಡದಲ್ಲಿ ಶಾಲೆ ಎಂದರೆ ಜನ ನಂಬಲಿಲ್ಲ. ಮುತ್ಯಾ ನಂಬಿದರು. ನಾಲ್ಕು ವರ್ಷ ಬಿಟ್ಟು ತಮ್ಮ ಹಿರಿಮಗಳನ್ನು, ಅಂದರೆ ನಮ್ಮ ಅತ್ತೆಯನ್ನು, ಚಕ್ಕಡಿಯಲ್ಲಿ ಕೂರಿಸಿಕೊಂಡು ಹೋಗಿ ಬೀಗರ ಮನೆಯಲ್ಲಿಟ್ಟು ಓದಿಸಿದರು. ಆಳಂದದಿಂದ ಕಲಬುರಗಿಗೆ ನಲವತ್ತು ಕಿಲೋಮೀಟರ್ ಆಸುಪಾಸು, ಅದರಾಚೆಗೆ ನಮ್ಮೂರಿನ ಹಾದಿ ಬೇರೆ. ಅತ್ತೆಗೆ ಅವ್ವನ ನೆನಪಾಗಿ ಅಳು ಬಂದೀತೆಂದು ತಿಂಗಳಿಗೊಮ್ಮೆ ರೊಟ್ಟಿ, ಶೇಂಗಾ ಹಿಂಡಿ ಬುತ್ತಿ ಕಟ್ಟಿಸಿಕೊಂಡು ಹೋಗುತ್ತಿದ್ದರಂತೆ. ನಮ್ಮ ಮನೆಗೆ ಬಂದ ಕಾಗದ ಪತ್ರ ಓದಿದ ಮೊದಲ ಹೆಣ್ಣುಮಗಳು ಅವರು. ಊರಿನ ಹೆಂಗಸರು ತವರಿಗೆ ಬರೆಸುವ ಪತ್ರಗಳಿಗೆ ಅತ್ತೆಯೇ ಕೈ. ನನಗೆ ಅಕ್ಷರ ತಿದ್ದಿಸಿದವರೂ ಅವರೇ. ನಾನು ಮುಂದೆ ಮಾಸ್ತರನಾದೆ.

ನಿಜಾಮರ ಪರವಾಗಿದ್ದ ರಜಾಕಾರರ ಹಾವಳಿಯ ಕಾಲದ ಮಾತನ್ನು ಮುತ್ಯಾ ಹೆಚ್ಚು ಆಡುತ್ತಿರಲಿಲ್ಲ. 1948ರ ಬೇಸಿಗೆಯಲ್ಲಿ ಓಣಿಯ ಹೆಂಗಸರು ಮಕ್ಕಳನ್ನು ರಾತ್ರಿ ಗಾಡಿಗಳಲ್ಲಿ ಗಡಿ ದಾಟಿಸಿ ದುಧನಿಯ ಕಡೆಗೆ ಬಿಟ್ಟುಬಂದದ್ದು, ನಿಜಾಮರು ಶರಣಾದ ಸೆಪ್ಟೆಂಬರ್ 17ರ ಸುದ್ದಿ ಕೇಳಿದ ಮೇಲೆ ಕರೆತಂದದ್ದು, ಇಷ್ಟೇ. ತಾವು ಹೊರಗೆ ಹೋಗಿದ್ದಾಗ ಮನೆ ಕಾದವರು ನೆರೆಯ ಮುಸಲ್ಮಾನ ಗೆಳೆಯರೆಂಬುದನ್ನು ಮಾತ್ರ ಪ್ರತಿಸಲ ಸೇರಿಸುತ್ತಿದ್ದರು.

ಮಹಾಮನೆಯ ಎಂಟನೆಯ ಪೀಠಾಧಿಪತಿ ಡಾ. ಶರಣಬಸವಪ್ಪ ಅಪ್ಪ ಹುಟ್ಟಿದ್ದು 1935ರಲ್ಲಿ. 1983ರಲ್ಲಿ ಪೀಠವೇರಿದರು, ಶಾಲೆ ಕಾಲೇಜುಗಳನ್ನು ಬೆಳೆಸುತ್ತ 2017ರಲ್ಲಿ ವಿಶ್ವವಿದ್ಯಾಲಯದವರೆಗೆ ತಂದರು. 2025ರ ಆಗಸ್ಟ್ 14ರಂದು ಅವರು ತೀರಿಕೊಂಡ ಸುದ್ದಿ ನಮ್ಮೂರಿಗೆ ರಾತ್ರಿಯೇ ಬಂತು. ಬೆಳಗಾಗುವುದರೊಳಗೆ ಜೀಪು, ಟಂಟಂ, ಬಸ್ಸು ಹಿಡಿದು ಜನ ಹೊರಟಿದ್ದರು. ನಾನೂ ಹೋದೆ. ಸಾಲಿನಲ್ಲಿ ನನ್ನ ಮುಂದಿದ್ದ ಅಫಜಲಪುರ ಕಡೆಯ ಮುದುಕಿ ‘ನಮ್ಮಪ್ಪ ಹೋದ’ ಎಂದು ಅಳುತ್ತಿದ್ದಳು. ಗುರು ಹೋದ ಅನ್ನಲಿಲ್ಲ, ಸ್ವಾಮಿ ಹೋದ ಅನ್ನಲಿಲ್ಲ. ಅವರ ನಂತರ ಪೀಠಕ್ಕೆ ಬಂದದ್ದು ಏಳು ವರ್ಷದ ಮಗ. ಅಷ್ಟು ಚಿಕ್ಕ ಮಗುವಿಗೂ ಜನ ಅಪ್ಪ ಅನ್ನುವುದನ್ನು ಕೇಳಿ ನನ್ನ ಕಣ್ಣು ಒದ್ದೆಯಾಯಿತು.

ಮತ್ತೆ ಬರದ ಜೋಳಕ್ಕೆ ಬರುತ್ತೇನೆ, ಹೇಳಬೇಕಾದ್ದು ಉಳಿದಿದೆ. 1973ರಲ್ಲಿ ಮಳೆ ಕೈಹಿಡಿಯಿತು, ಹಿಂಗಾರಿ ಚೆನ್ನಾಗಿ ಬಂತು. 1974ರ ಸುಗ್ಗಿ ಮುಗಿದ ಮೇಲೆ ಜನ ಒಬ್ಬೊಬ್ಬರೇ ನಮ್ಮ ಅಂಗಳಕ್ಕೆ ಜೋಳ ತಂದು ಸುರಿಯತೊಡಗಿದರು. ಕೊಟ್ಟ ಲೆಕ್ಕ ಮುತ್ಯಾ ಬರೆದಿಟ್ಟಿರಲಿಲ್ಲ, ತಗೊಂಡವರು ನೆನಪಿಟ್ಟಿದ್ದರು. ಹೊಸ ಜೋಳ, ಮುತ್ತಿನಂಥದ್ದು, ಮುಗ್ಗು ವಾಸನೆ ಇಲ್ಲದ್ದು. ಮುತ್ಯಾ ಬೇಡ ಎಂದರೆ ತಂದವರಿಗೆ ನೋವಾದೀತು, ಇಟ್ಟುಕೊಂಡರೆ ಕೊಟ್ಟದ್ದು ಸಾಲವಾದೀತು. ಎರಡು ದಿನ ಸುಮ್ಮನಿದ್ದರು. ಆಮೇಲೆ ಚಕ್ಕಡಿ ಕಟ್ಟಲು ಹೇಳಿದರು.

ಹೋಳಿ ಹುಣ್ಣಿಮೆ ಕಳೆದು ಐದನೆಯ ದಿನ ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು. ಮೂರು ಚಕ್ಕಡಿ ಜೋಳದೊಂದಿಗೆ ಓಣಿಯವರೆಲ್ಲ ಹೊರಟೆವು. ಎತ್ತಿನ ಕೊರಳಿಗೆ ಗೆಜ್ಜೆ, ಮೂಟೆಗಳ ಮೇಲೆ ನಾವು ಮಕ್ಕಳು. ತೇರಿನ ಹಿಂದಿನ ದಿನ, ಉಚ್ಛಾಯಿಯ ಸಂಜೆ, ಕಲಬುರಗಿ ಮುಟ್ಟಿದೆವು. ಮರುದಿನ ಶರಣರ ಪರುಶ ಬಟ್ಟಲನ್ನು ಜನಕ್ಕೆ ತೋರಿಸಿದ ಮೇಲೆ ತೇರು ಕದಲಿತು. ಖಾರೀಕು, ಬಾಳೆಹಣ್ಣು ಮಳೆಯಂತೆ ಬಿದ್ದವು. ಆ ನೂಕಿನಲ್ಲಿ ಆಯಿ ನನ್ನ ರಟ್ಟೆ ಬಿಡಲೇ ಇಲ್ಲ.

ಜೋಳ ಒಪ್ಪಿಸಿದ್ದು ತೇರಿನ ಮೊದಲೇ, ಆ ಉಚ್ಛಾಯಿಯ ರಾತ್ರಿ. ದಾಸೋಹದ ಕೋಣೆಯ ಮುಂದೆ ಮೂಟೆಗಳನ್ನು ಇಳಿಸಿದ ಮೇಲೆ ಅಲ್ಲಿ ಕೂತಿದ್ದವರು ವಹಿ ತೆರೆದು, ಯಾರ ಹೆಸರಿಗೆ ಬರೆಯಲಿ ಎಂದು ಕೇಳಿದರು. ನಮ್ಮ ತಂದೆ ಮುತ್ಯಾನ ಹೆಸರು ಹೇಳಲು ಬಾಯಿ ತೆರೆದಿದ್ದರು. ಮುತ್ಯಾ ಮಗನ ಹೆಗಲ ಮೇಲೆ ಕೈಯಿಟ್ಟು ತಡೆದರು.

‘ಕಿಣ್ಣಿ ಸುಲ್ತಾನದ್ದು ಅಂತ ಬರಕೋರಿ’ ಅಂದರು.