ಹಿಮದ ಮೇಲಣ ಹೆಜ್ಜೆ: ಮೊಲದ ಬೇಟೆಯೂ ಧರ್ಮವಿಚಾರವೂ



ವಿಜಯನಗರದ ಹುಟ್ಟಿನ ಕಥೆಯನ್ನು ನೀವೆಲ್ಲರೂ ಬಾಲ್ಯದಲ್ಲಿಯೇ ಕೇಳಿದ್ದೀರಿ. ಬೇಟೆಗೆಂದು ತುಂಗಭದ್ರೆಯನ್ನು ದಾಟಿ ಬಂದವರ ನಾಯಿಗಳನ್ನು ಮೊಲವೊಂದು ತಿರುಗಿಬಿದ್ದು ಅಟ್ಟಿತೆಂದೂ, ಆ ನೆಲದ ಮಹಿಮೆಯನ್ನರಿತು ಅಲ್ಲಿಯೇ ನಗರವನ್ನು ಕಟ್ಟಲಾಯಿತೆಂದೂ ಐತಿಹ್ಯವುಂಟು. ಈ ಕಥೆಯ ಚಾರಿತ್ರಿಕತೆ ಏನೇ ಇರಲಿ, ಅದರ ಬೆರಗೆಲ್ಲವೂ ಒಂದು ಸಾಮಾನ್ಯ ಸಂಗತಿಯನ್ನು ಅವಲಂಬಿಸಿದೆ: ಲೋಕದಲ್ಲಿ ಮೊಲವು ನಾಯಿಯನ್ನು ಅಟ್ಟುವುದಿಲ್ಲ. ಓಡುವುದಷ್ಟೇ ಅದರ ಪಾಲಿಗೆ ಬಂದದ್ದು. ಹೀಗೆ ಓಡುವ ಪ್ರಾಣಿಗೆ ಓಡುವವನ ಅವಕಾಶವನ್ನಾದರೂ ಉಳಿಸಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಪಾಶ್ಚಾತ್ಯರು ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಚರ್ಚಿಸುತ್ತ ಬಂದಿದ್ದಾರೆ. ಹಿಮ ಬಿದ್ದ ನೆಲದಲ್ಲಿ ನಾಯಿಗಳಿಂದ ಮೊಲವನ್ನು ಬೇಟೆಯಾಡುವುದು ನ್ಯಾಯವೇ ಎಂಬುದು ಆ ಚರ್ಚೆಯ ಒಂದು ಸೂಕ್ಷ್ಮ ಭಾಗ. ಹಿಮವನ್ನು ಕಾಣದ ನಾಡಿನವರಾದ ನಮಗೆ ಇದರಿಂದೇನು ಎಂದು ನೀವು ಕೇಳಬಹುದು. ಲೇಖನದ ಕೊನೆಯವರೆಗೆ ತಾಳ್ಮೆಯಿಂದ ಬನ್ನಿರೆಂದು ಪ್ರಾರ್ಥನೆ.

ಮೊದಲು ಮೊಲದ ಸ್ವಭಾವವನ್ನು ತಿಳಿಯಬೇಕು. ಯೂರೋಪಿನ ಕಂದು ಮೊಲವು ಬಿಲವನ್ನು ತೋಡುವುದಿಲ್ಲ. ಬಯಲಿನಲ್ಲಿ ನೆಲವನ್ನು ತುಸು ತಗ್ಗುಮಾಡಿಕೊಂಡು ಅದನ್ನೇ ಹಕ್ಕೆಯಾಗಿ ಮಾಡಿಕೊಳ್ಳುತ್ತದೆ. ಅದಕ್ಕೆ ಕೋಟೆಯಿಲ್ಲ, ಕೊಂಬಿಲ್ಲ. ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗದ ಓಟ, ಓಡುತ್ತಿರುವಾಗಲೇ ಥಟ್ಟನೆ ಪಕ್ಕಕ್ಕೆ ಹೊರಳುವ ಚುರುಕು, ಬಂದ ದಾರಿಯಲ್ಲಿಯೇ ಹಿಂದಿರುಗಿ ಒಮ್ಮೆಲೇ ಬದಿಗೆ ನೆಗೆದು ಜಾಡನ್ನು ತಪ್ಪಿಸುವ ಜಾಣ್ಮೆ, ಇವೇ ಅದರ ಆಯುಧಗಳು. ಹಿಮ ಬಿದ್ದ ದಿನ ಈ ಆಯುಧಗಳೆಲ್ಲ ಮೊಂಡಾಗುತ್ತವೆ. ಜಾಡು ತಪ್ಪಿಸಲೆಂದು ಇಟ್ಟ ಹೆಜ್ಜೆಯೇ ಬಿಳಿಯ ನೆಲದ ಮೇಲೆ ಅಚ್ಚೊತ್ತಿ ಹಗೆಗೆ ದಾರಿ ತೋರಿಸುತ್ತದೆ. ಆಳವಾದ ಹಿಮದಲ್ಲಿ ಓಟ ಕುಂಠಿತವಾಗುತ್ತದೆ. ಮೇವು ಮುಚ್ಚಿಹೋಗಿ ಮೈಯ ಬಲವೂ ಕುಂದಿರುತ್ತದೆ.

ಇದನ್ನು ಸ್ಪಷ್ಟವಾಗಿ ಬರೆದಿಟ್ಟವನು ಗ್ರೀಸ್ ದೇಶದ ಕ್ಸೆನೊಫನ್. ಸಾಕ್ರೆಟೀಸನ ಶಿಷ್ಯನಾದ ಈತನು ಕ್ರಿ. ಪೂ. 4ನೆಯ ಶತಮಾನದವನು. ಅವನ ಹೆಸರಿನಲ್ಲಿ ಬಂದಿರುವ ಬೇಟೆಯ ಗ್ರಂಥದಲ್ಲಿ ಹಿಮದ ಬೇಟೆಗೇ ಒಂದು ಅಧ್ಯಾಯವಿದೆ. ಹಿಮವು ನಾಯಿಗಳ ಮೂಗನ್ನೂ ಪಾದಗಳನ್ನೂ ಸುಡುತ್ತದೆ, ಚಳಿಯು ಮೊಲದ ವಾಸನೆಯನ್ನು ಅಳಿಸುತ್ತದೆ. ಆದುದರಿಂದ ನಾಯಿಗಳನ್ನು ಬಿಟ್ಟು ಬಲೆಗಳೊಂದಿಗೆ ಹೋಗಿ ಹೆಜ್ಜೆಯ ಜಾಡನ್ನು ಹಿಡಿಯಬೇಕೆಂದು ಅವನ ಸಲಹೆ. ಬಲೆಯಿಂದ ತಪ್ಪಿಸಿಕೊಂಡರೂ ರೋಮಭರಿತವಾದ ಪಾದಗಳಿಗೆ ಹಿಮದ ಗಟ್ಟಿಗಳು ಅಂಟಿ ಮೊಲವು ಬೇಗನೆ ದಣಿಯುವುದೆಂದೂ ಅವನು ಹೇಳುತ್ತಾನೆ. ಇಲ್ಲಿ ಗಮನಿಸಿರಿ: ಕ್ಸೆನೊಫನ್ನನ ಮರುಕವು ನಾಯಿಯ ಮೂಗಿನವರೆಗೆ ಬಂದು ನಿಂತಿತು, ಮೊಲದ ಪಾದವನ್ನು ಮುಟ್ಟಲಿಲ್ಲ. ಆದರೂ ತೀರ ಎಳೆಯ ಮರಿಗಳನ್ನು ಬೇಟೆಗಾರರು ದೇವಿಯ ಪಾಲೆಂದು ಬಿಟ್ಟುಬಿಡುವರೆಂದು ಅದೇ ಗ್ರಂಥದಲ್ಲಿದೆ. ಕರುಣೆಯ ಬೀಜ ಅಲ್ಲಿಯೂ ಇತ್ತು.

ಆ ಬೀಜ ಮೊಳೆತುದನ್ನು ಐದು ಶತಮಾನಗಳ ತರುವಾಯ ಅರಿಯನ್ನನಲ್ಲಿ ಕಾಣುತ್ತೇವೆ. ಅಲೆಕ್ಸಾಂಡರನ ದಂಡಯಾತ್ರೆಯ ಚರಿತ್ರೆಯನ್ನೂ ನಮ್ಮ ದೇಶವನ್ನು ಕುರಿತು 'ಇಂಡಿಕಾ' ಎಂಬ ಗ್ರಂಥವನ್ನೂ ಬರೆದ ಈತನನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ಗುಲಾಮನಾಗಿದ್ದು ಮುಂದೆ ತತ್ತ್ವಜ್ಞಾನಿಯಾದ ಎಪಿಕ್ಟೀಟಸನ ಬಳಿ ಕಲಿತವನು ಈತ. ವೇಗದ ನಾಯಿಗಳ ಬೇಟೆಯನ್ನು ಕುರಿತು ಬರೆಯುತ್ತ ಅವನು ಕೆಲವು ಕಟ್ಟಳೆಗಳನ್ನು ವಿಧಿಸಿದನು. ಒಂದು ಮೊಲದ ಮೇಲೆ ಎರಡಕ್ಕಿಂತ ಹೆಚ್ಚು ನಾಯಿಗಳನ್ನು ಬಿಡಬಾರದು. ಮೊಲವು ಎದ್ದ ಕೂಡಲೇ ಮೈಮೇಲೆ ನಾಯಿಗಳನ್ನು ಬಿಡದೆ ಅದು ಮುಂದೆ ಓಡುವವರೆಗೆ ತಾಳಬೇಕು. ನಿಜವಾದ ಬೇಟೆಗಾರನು ಕೊಲ್ಲುವುದಕ್ಕಾಗಿ ಅಲ್ಲ, ಓಟದ ಸ್ಪರ್ಧೆಯನ್ನು ನೋಡುವುದಕ್ಕಾಗಿ ಹೋಗುತ್ತಾನೆ. ಮೊಲವು ತಪ್ಪಿಸಿಕೊಂಡರೆ ಸಂತೋಷಪಡುತ್ತಾನೆ ಎಂದು ಅವನ ಅಭಿಪ್ರಾಯ. ನಾಯಿಗಳು ಹಿಡಿದ ಮೊಲವನ್ನು ತಾನೇ ಎಷ್ಟೋ ವೇಳೆ ಜೀವಸಹಿತ ಬಿಡಿಸಿ, ನಾಯಿಗಳನ್ನು ಕಟ್ಟಿಹಾಕಿ, ಅದನ್ನು ಓಡಿಹೋಗಗೊಟ್ಟುದಾಗಿ ಅವನು ಬರೆದಿದ್ದಾನೆ.

ಇನ್ನು ಇಂಗ್ಲೆಂಡಿಗೆ ಬರೋಣ. ಅಲ್ಲಿ ಎಂಟನೆಯ ಹೆನ್ರಿಯ ಕಾಲದಲ್ಲಿ, 1523ರಲ್ಲಿ, ಹಿಮದಲ್ಲಿ ಜಾಡು ಹಿಡಿದು ಮೊಲವನ್ನು ಕೊಲ್ಲಬಾರದೆಂದು ಪಾರ್ಲಿಮೆಂಟು ಶಾಸನ ಮಾಡಿತು. ಒಂದು ಮೊಲಕ್ಕೆ 6 ಷಿಲಿಂಗ್ 8 ಪೆನ್ಸ್ ದಂಡ. ಕೇಳಿದೊಡನೆ ನಮ್ಮ ಮನಸ್ಸು ಹಿಗ್ಗುತ್ತದೆ. ಅಸಹಾಯಕ ಪ್ರಾಣಿಗೆ ರಾಜನ ರಕ್ಷೆ ದೊರೆಯಿತೆಂದುಕೊಳ್ಳುತ್ತೇವೆ. ಆದರೆ ಶಾಸನದ ಉದ್ದೇಶ ಬೇರೆ. ಸಾಮಾನ್ಯ ಜನರು ಹೀಗೆ ಮೊಲಗಳನ್ನು ಕೊಂದರೆ ರಾಜನಿಗೂ ಶ್ರೀಮಂತರಿಗೂ ವಿನೋದಕ್ಕೆ ಮೊಲಗಳು ಉಳಿಯುವುದಿಲ್ಲವೆಂಬುದೇ ಅದರ ಚಿಂತೆ. 1390ರ ಹೊತ್ತಿಗಾಗಲೇ ವರ್ಷಕ್ಕೆ 40 ಷಿಲಿಂಗ್ ಉತ್ಪನ್ನದ ಭೂಮಿಯಿಲ್ಲದವನು ಬೇಟೆನಾಯಿಯನ್ನೇ ಸಾಕಬಾರದೆಂಬ ಕಟ್ಟಳೆ ಬಂದಿತ್ತು. 1671ರ ಕಾಯಿದೆಯು ಬೇಟೆಯ ಹಕ್ಕನ್ನು ಮುಖ್ಯವಾಗಿ ವರ್ಷಕ್ಕೆ 100 ಪೌಂಡ್ ಆದಾಯದ ಸ್ವಂತ ಭೂಮಿಯುಳ್ಳವರಿಗೆ ಸೀಮಿತಗೊಳಿಸಿತು. ತನ್ನ ಬೆಳೆಯನ್ನು ತಿನ್ನುತ್ತಿರುವ ಮೊಲವನ್ನು ಬಡ ರೈತನು ಮುಟ್ಟುವಂತಿರಲಿಲ್ಲ. 1828ರ ಕಾಯಿದೆಯಂತೆ ರಾತ್ರಿ ಕಳ್ಳಬೇಟೆಯಲ್ಲಿ ಮೂರನೆಯ ಸಲ ಸಿಕ್ಕಿಬಿದ್ದವನಿಗೆ ಏಳು ವರ್ಷ ಕಡಲಾಚೆಯ ಗಡೀಪಾರು ಶಿಕ್ಷೆಯಾಗಬಹುದಾಗಿತ್ತು. ಗೇಣಿದಾರನಿಗೆ ತನ್ನ ಹೊಲದ ಮೊಲವನ್ನು ಕೊಲ್ಲುವ, ಯಾರೂ ಕಸಿದುಕೊಳ್ಳಲಾಗದ ಹಕ್ಕು ದೊರೆತದ್ದು 1880ರಲ್ಲಿ. ಹಸಿವಿನಿಂದ ಕೊಂದವನು ಅಪರಾಧಿ, ವಿನೋದಕ್ಕೆ ಕೊಂದವನು ಗೌರವಸ್ಥ. ಇಂಥ ನ್ಯಾಯವನ್ನು ಕಾಯಕದ ಬೆಲೆಯನ್ನು ಸಾರಿದ ಶರಣರ ಮಕ್ಕಳಾದ ನಾವು ಹೇಗೆ ಒಪ್ಪೋಣ?

ಆ ನಾಡಿನಲ್ಲಿಯೇ ಒಪ್ಪದವರಿದ್ದರು. ಥಾಮಸ್ ಮೋರ್ 1516ರಲ್ಲಿ ಪ್ರಕಟಿಸಿದ 'ಯುಟೋಪಿಯ' ಗ್ರಂಥದಲ್ಲಿ, ನಾಯಿಯು ನಾಯಿಯ ಹಿಂದೆ ಓಡಿದರೆ ಇಲ್ಲದ ಸುಖ ಮೊಲದ ಹಿಂದೆ ಓಡಿದರೆ ಎಲ್ಲಿಂದ ಬಂತೆಂದು ಕೇಳಿದನು. ಓಟವೇ ಸುಖವಾದರೆ ಎರಡರಲ್ಲಿಯೂ ಓಟವಿದೆ. ಕೊಲೆಯೇ ಸುಖವಾದರೆ ಅದನ್ನು ಕಂಡು ಕನಿಕರ ಹುಟ್ಟಬೇಕಾಗಿತ್ತು ಎಂಬುದು ಅವನ ತರ್ಕ. ಕವಿ ವಿಲಿಯಂ ಕೂಪರನು ತರ್ಕಕ್ಕೆ ಹೋಗದೆ ಮೊಲವನ್ನೇ ಸಾಕಿದನು. ತೀವ್ರವಾದ ಮನೋವ್ಯಾಧಿಯಿಂದ ನರಳುತ್ತಿದ್ದ ಅವನಿಗೆ 1774ರಲ್ಲಿ ಮೊಲದ ಮರಿಗಳು ದೊರೆತವು. ಪಸ್, ಟೈನಿ, ಬೆಸ್ ಎಂದು ಹೆಸರಿಟ್ಟು ಸಾಕಿದ ಅವುಗಳ ಮೂರು ಬಗೆಯ ಸ್ವಭಾವವನ್ನು 1784ರಲ್ಲಿ ಒಂದು ಪತ್ರಿಕೆಗೆ ಬರೆದನು. ಕಾಯಿಲೆ ಬಿದ್ದಾಗ ತಾನು ಆರೈಕೆ ಮಾಡಿದುದಕ್ಕೆ ಪಸ್ ತನ್ನ ಕೈಯನ್ನು ನೆಕ್ಕಿ ಕೃತಜ್ಞತೆ ತೋರಿತೆಂದೂ, ಬೇಟೆಗಾರನಿಗೆ ತಾನು ಹಿಂಸಿಸುವ ಜೀವಿಯ ಗುಣ ತಿಳಿಯದೆಂದೂ ಅವನ ಮಾತಿನ ಸಾರ. ಪಸ್ ಹನ್ನೆರಡು ವರ್ಷಕ್ಕೆ ಒಂದು ತಿಂಗಳು ಕಡಮೆ ಬಾಳಿ ಮುದಿತನದಿಂದ ಸತ್ತಿತು. ವ್ಯಾಧಿಗ್ರಸ್ತನಾದ ಮನುಷ್ಯನಿಗೆ ಮೊಲವು ಸಾಂತ್ವನವಾಯಿತು, ಮೊಲಕ್ಕೆ ಮನುಷ್ಯನು ಆಶ್ರಯವಾದನು.

ಇದೇ ಸಾಲಿನ ಇನ್ನೊಬ್ಬ ಮಹನೀಯರು ಹೆನ್ರಿ ಸಾಲ್ಟ್. ಇವರು 1851ರಲ್ಲಿ ನಮ್ಮ ನೈನಿತಾಲದಲ್ಲಿ ಜನಿಸಿದವರು. ಈಟನ್ ವಿದ್ಯಾಶಾಲೆಯಲ್ಲಿ ಅಧ್ಯಾಪಕರಾಗಿದ್ದು, ಅದನ್ನು ತ್ಯಜಿಸಿ ಸರಳಜೀವನವನ್ನು ಹಿಡಿದರು. 1891ರಲ್ಲಿ ಅವರು ಮಿತ್ರರೊಡನೆ ಸ್ಥಾಪಿಸಿದ ಮಾನವೀಯತಾ ಸಂಘವು, ಈಟನ್ನಿನ ಬಾಲಕರು ಬೇಟೆನಾಯಿಗಳ ಹಿಂಡಿನೊಡನೆ ಮೊಲಗಳನ್ನು ಅಟ್ಟುವ ಪದ್ಧತಿಯ ವಿರುದ್ಧ ವರ್ಷಗಟ್ಟಲೆ ಹೋರಾಡಿತು. ವಿದ್ಯೆ ಕಲಿಯುವ ವಯಸ್ಸಿನಲ್ಲಿ ಕ್ರೌರ್ಯವನ್ನು ಕ್ರೀಡೆಯೆಂದು ಕಲಿಸಬಾರದೆಂಬುದು ಅವರ ವಾದ. ಲಂಡನ್ನಿನಲ್ಲಿ ಓದುತ್ತಿದ್ದ ತರುಣ ಗಾಂಧಿಯವರ ಕೈಗೆ ಸಿಕ್ಕಿ, ಸಸ್ಯಾಹಾರವನ್ನು ಕೇವಲ ತಾಯಿಗೆ ಕೊಟ್ಟ ಮಾತಿನಿಂದಲ್ಲದೆ ಸ್ವಂತ ವಿವೇಕದಿಂದ ಆರಿಸಿಕೊಳ್ಳುವಂತೆ ಮಾಡಿದ ಪುಸ್ತಕ ಇದೇ ಸಾಲ್ಟರದು. 1931ರಲ್ಲಿ ಲಂಡನ್ನಿನ ಸಸ್ಯಾಹಾರಿಗಳ ಸಭೆಯಲ್ಲಿ ಗಾಂಧೀಜಿ ಮಾತನಾಡಿದಾಗ ವೃದ್ಧರಾದ ಸಾಲ್ಟರು ಅಲ್ಲಿದ್ದರು.

ಆದರೂ ಕಾಯಿದೆ ಬರಲು ಬಹುಕಾಲ ಹಿಡಿಯಿತು. ಲಿವರ್‌ಪೂಲ್ ನಗರಕ್ಕೆ ಸಮೀಪದ ಗ್ರೇಟ್ ಆಲ್ಟ್‌ಕಾರ್ ಎಂಬಲ್ಲಿ 1836ರಲ್ಲಿ ಆರಂಭವಾದ 'ವಾಟರ್ಲೂ ಕಪ್' ಎಂಬ ಸ್ಪರ್ಧೆಯಲ್ಲಿ ಎರಡೆರಡು ನಾಯಿಗಳನ್ನು ಜೀವಂತ ಮೊಲದ ಹಿಂದೆ ಬಿಡುತ್ತಿದ್ದರು. ಮೊಲವನ್ನು ಕೊಂದುದಕ್ಕಲ್ಲ, ಓಟಕ್ಕೂ ಅದನ್ನು ಹೊರಳಿಸಿದುದಕ್ಕೂ ಅಂಕಗಳೆಂದು ಪರವಾದಿಗಳು ಹೇಳುತ್ತಿದ್ದರು. ಆದರೆ 2000ದಲ್ಲಿ ವರದಿಯೊಪ್ಪಿಸಿದ ಬರ್ನ್ಸ್ ಸಮಿತಿಯು, ಹೀಗೆ ಅಟ್ಟಿ ಹಿಡಿದು ಕೊಲ್ಲುವುದರಿಂದ ಮೊಲದ ಕ್ಷೇಮಕ್ಕೆ ಗಂಭೀರವಾದ ಹಾನಿಯಾಗುವುದೆಂದು ಅಭಿಪ್ರಾಯಪಟ್ಟಿತು. 2004ರ ಕಾಯಿದೆಯು ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2005ರ ಫೆಬ್ರುವರಿ 18ರಿಂದ ಜಾರಿಗೆ ಬಂದಿತು. ಅದೇ ತಿಂಗಳು ಕೊನೆಯ ವಾಟರ್ಲೂ ಕಪ್ ನಡೆಯಿತು. ಹಿಮಗಾಲದಲ್ಲಿ ಬಿಳಿಯ ಮೈಬಣ್ಣ ತಾಳುವ ಸ್ಕಾಟ್ಲೆಂಡಿನ ಬೆಟ್ಟದ ಮೊಲಕ್ಕೆ 2021ರಲ್ಲಿ ಕಾಯಿದೆಯ ರಕ್ಷಣೆ ದೊರೆಯಿತು. ಕಳ್ಳಬೇಟೆಯೂ ಜೂಜೂ ಇನ್ನೂ ನಿಂತಿಲ್ಲವಾದ್ದರಿಂದ 2022ರಲ್ಲಿ ದಂಡನೆಯನ್ನು ಮತ್ತಷ್ಟು ಬಿಗಿಗೊಳಿಸಬೇಕಾಯಿತು.

ವಾಚಕರೇ, ಈಗ ಮೂಲಪ್ರಶ್ನೆಗೆ ಬರೋಣ. ಹಿಮದಲ್ಲಿ ಬೇಟೆಯಾಡಬಾರದು, ಏಕೆಂದರೆ ಮೊಲಕ್ಕೆ ತಪ್ಪಿಸಿಕೊಳ್ಳುವ ಅವಕಾಶವಿಲ್ಲ ಎಂದು ಒಬ್ಬ ಬೇಟೆಗಾರನು ಒಪ್ಪಿದನೆನ್ನಿ. ಆ ಒಂದು ಮಾತಿನಿಂದ ಅವನು ಬಹಳವನ್ನು ಒಪ್ಪಿದಂತಾಯಿತು. ಕಲ್ಲಿಗೆ ನಾವು ಅವಕಾಶ ಕೊಡುವುದಿಲ್ಲ. ಮರದ ತುಂಡಿಗೆ ಅನ್ಯಾಯವಾಯಿತೆನ್ನುವುದಿಲ್ಲ. ಮೊಲಕ್ಕೆ ಸಲ್ಲಬೇಕಾದುದು ಏನೋ ಒಂದಿದೆಯೆಂದು ಒಪ್ಪಿದ ಮೇಲೆ, ಓಡುವ ಅವಕಾಶ ಮಾತ್ರ ಅದಕ್ಕೆ ಸಲ್ಲಬೇಕು, ಬದುಕು ಸಲ್ಲಬೇಕಾಗಿಲ್ಲ ಎನ್ನುವುದು ಹೇಗೆ? ಸ್ಪರ್ಧೆಯೆಂದರೆ ಇಬ್ಬರೂ ಒಪ್ಪಿ ಕಣಕ್ಕೆ ಇಳಿಯುವುದು. ಇಲ್ಲಿ ನಾಯಿಯು ಒಡೆಯನ ಸಂತೋಷಕ್ಕಾಗಿ ಓಡುತ್ತದೆ, ಮೊಲವು ಪ್ರಾಣಕ್ಕಾಗಿ ಓಡುತ್ತದೆ. ಅರಿಯನ್ನನ ಕಟ್ಟಳೆಗಳು ಉದಾತ್ತವಾದುವೇ. ಆದರೆ ಅವು ಮೆಟ್ಟಿಲುಗಳು, ಗುಡಿಯಲ್ಲ. ಕ್ರೌರ್ಯಕ್ಕೆ ನಿಯಮ ಹಾಕಿದರೆ ಕ್ರೌರ್ಯ ಕಡಮೆಯಾದೀತು, ಧರ್ಮವಾಗದು.

ಹಾಗೆಂದು ಬೆಳೆ ಉಳಿಸಿಕೊಳ್ಳಲು ಹೆಣಗುವ ರೈತನನ್ನೂ, ಹಸಿದ ಮಕ್ಕಳಿಗಾಗಿ ಬಲೆಯೊಡ್ಡಿದ ಅಂದಿನ ಬಡವನನ್ನೂ ವಿನೋದಿಗಳ ಸಾಲಿನಲ್ಲಿ ನಿಲ್ಲಿಸುವುದು ಸಲ್ಲದು. ಅಗತ್ಯವನ್ನೂ ಚಪಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದುದೇ ಆ ಹಳೆಯ ಶಾಸನಗಳ ತಪ್ಪು.

ನಮ್ಮ ಕಡೆಗೆ ನೋಡಿದರೆ, ಮುಧೋಳದ ನಾಯಿಯೂ ಮೊಲವನ್ನು ಅಟ್ಟುವುದರಲ್ಲಿ ಹೆಸರಾದುದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಮೊಲದ ಬೇಟೆ ನಮ್ಮಲ್ಲಿ ಅಪರಾಧ. ಆದರೂ ಅಲ್ಲಲ್ಲಿ ಹಬ್ಬದ ನೆಪದಲ್ಲಿ, ಗೆಳೆಯರ ಹುರುಪಿನಲ್ಲಿ, ನಾಯಿಗಳನ್ನು ಕಟ್ಟಿಕೊಂಡು ಹೊಲ ಹೊಲ ಅಲೆಯುವವರು ಇಲ್ಲದಿಲ್ಲ. ನಮ್ಮ ನೆಲದಲ್ಲಿ ಹಿಮ ಬೀಳದು, ನಿಜ. ಆದರೆ ಬೆಳೆ ಕೊಯ್ದು ಬಯಲಾದ ಬೇಸಗೆಯ ಹೊಲದಲ್ಲಿ ಮರೆಯಿಲ್ಲದೆ ನಿಂತ ಮೊಲಕ್ಕೂ ಹಿಮದಲ್ಲಿ ಹೆಜ್ಜೆ ಮೂಡಿಸಿದ ಮೊಲಕ್ಕೂ ಭೇದವೇನು? ಸಕಲ ಜೀವರಾಶಿಯಲ್ಲಿ ಕರುಣೆಯಿಡಬೇಕೆಂದ ಶರಣರ ಉಪದೇಶವನ್ನು ಮಠದ ಅಂಗಳದಲ್ಲಿ ಕಲಿತವರು ನಾವು. ಪ್ರಸಾದದ ಪಂಕ್ತಿಯಲ್ಲಿ ಕುಳಿತು ಕಲಿತ ಆ ಪಾಠವನ್ನು ಹೊಲದ ಬದುವಿನಲ್ಲಿ ನಿಂತಾಗಲೂ ಮರೆಯದಿರೋಣ. ನಿಮ್ಮೂರಿನ ತರುಣರು ನಾಯಿಯ ಹಗ್ಗವನ್ನು ಬಿಚ್ಚುವ ಮುನ್ನ, ಹಿರಿಯರಾದ ನೀವು ಅವರಿಗೆ ಒಂದು ಮಾತು ಹೇಳಿರಿ. ಕಾಯಿದೆಯ ಭಯವನ್ನು ಹೇಳುವುದಕ್ಕಿಂತ ಪಸ್ ಎಂಬ ಮೊಲದ ಕಥೆಯನ್ನು ಹೇಳಿರಿ. ಅದು ಮನಸ್ಸಿಗೆ ನಾಟೀತು.