ಔಷಧಪರೀಕ್ಷೆಯ ಒಂದು ಆದರ್ಶ

ಪ್ರಾಚೀನ ಗ್ರಂಥದಲ್ಲಿ ಹೇಳಿದೆ ಎಂಬ ಮಾತ್ರಕ್ಕೆ ಯಾವ ಔಷಧವೂ ಗ್ರಾಹ್ಯವಾಗದು. ಪ್ರಾಚೀನವೆಂಬ ಮಾತ್ರಕ್ಕೆ ತ್ಯಾಜ್ಯವೂ ಆಗದು. ಪರೀಕ್ಷೆಯೇ ಅದನ್ನು ನಿರ್ಣಯಿಸಬೇಕು. ಆದರೆ ಆ ಪರೀಕ್ಷೆಯ ಅಪಾಯವನ್ನು ಮೊದಲು ಹೊರತಕ್ಕವರು ಯಾರು? ಮಲೇರಿಯಾ ಔಷಧದ ಇತಿಹಾಸದಲ್ಲಿ ಈ ಪ್ರಶ್ನೆಗೆ ದೊರೆತ ಒಂದು ಉತ್ತರವು ಮನನಯೋಗ್ಯವಾಗಿದೆ.

ವಿಯೆಟ್ನಾಂ ಯುದ್ಧದ ಕಾಲಕ್ಕೆ ಮಲೇರಿಯಾ ರೋಗಾಣುಗಳು ಕ್ಲೋರೋಕ್ವಿನ್ ಔಷಧಕ್ಕೆ ಮಣಿಯದಾಗಿದ್ದವು. ಉತ್ತರ ವಿಯೆಟ್ನಾಂ ನೆರವು ಕೋರಲು, ಚೀನಾ ಸರಕಾರವು 1967ರ ಮೇ 23ರಂದು ಗುಪ್ತ ಸಂಶೋಧನಾ ಯೋಜನೆಯೊಂದನ್ನು ಆರಂಭಿಸಿತು. ಆ ದಿನಾಂಕದಿಂದಲೇ ಅದಕ್ಕೆ ‘523’ ಎಂಬ ಹೆಸರಾಯಿತು. 1969ರಲ್ಲಿ ಬೀಜಿಂಗಿನ ಪಾರಂಪರಿಕ ವೈದ್ಯ ಸಂಸ್ಥೆಯ ತು ಯುಯು ಎಂಬ ಮಹಿಳೆಯು ಒಂದು ತಂಡದ ನೇತೃತ್ವವನ್ನು ವಹಿಸಿದರು. ಅವರು ಹಳೆಯ ಗ್ರಂಥಗಳಿಂದಲೂ ವೈದ್ಯರಿಂದಲೂ 2,000 ಔಷಧಯೋಗಗಳನ್ನು ಸಂಗ್ರಹಿಸಿದರು. ಸುಮಾರು 200 ಮೂಲಿಕೆಗಳಿಂದ ತೆಗೆದ 380ಕ್ಕೂ ಹೆಚ್ಚು ಸಾರಗಳು ಇಲಿಗಳ ಮೇಲೆ ಪರೀಕ್ಷಿಸಲ್ಪಟ್ಟವು.

ಅವುಗಳಲ್ಲಿ ‘ಚಿಂಗ್‌ಹಾವ್’ ಒಂದು. ಇದು ನಮ್ಮ ದವನದ ಕುಲಕ್ಕೆ ಸೇರಿದ ಸಸ್ಯ. ಅದರ ಸಾರವು ಒಮ್ಮೆ ಶೇಕಡಾ 68ರಷ್ಟು ಫಲ ತೋರಿತು. ಮರುಪರೀಕ್ಷೆಗಳಲ್ಲಿ ಅದು 12ರಿಂದ 40ಕ್ಕೆ ಇಳಿಯಿತು. ತು ಯುಯು ಅವರು ಪುನಃ ಗ್ರಂಥಗಳತ್ತ ತಿರುಗಿದರು. ನಾಲ್ಕನೆಯ ಶತಮಾನದ ಗೆ ಹಾಂಗ್ ಎಂಬ ವೈದ್ಯನು ಈ ಮೂಲಿಕೆಯನ್ನು ಕುದಿಸದೆ, ನೀರಿನಲ್ಲಿ ನೆನೆಸಿ ಹಿಂಡಿ ಕುಡಿಯಲು ವಿಧಿಸಿದ್ದನು. ಶಾಖದಿಂದ ಔಷಧಗುಣ ನಾಶವಾಗುತ್ತಿರಬಹುದೆಂದು ಅವರು ಊಹಿಸಿ, ಕೇವಲ 35 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುವ ಈಥರ್ ದ್ರವದಿಂದ ಸಾರ ತೆಗೆದರು. 1971ರ ಅಕ್ಟೋಬರ್ 4ರಂದು 191ನೆಯ ಮಾದರಿಯು ಇಲಿಗಳಲ್ಲಿ ರೋಗಾಣುಗಳನ್ನು ಪೂರ್ಣವಾಗಿ ನಿಗ್ರಹಿಸಿತು.

ಆದರೆ ಅದು ವಿಷಕಾರಿಯೇ ಎಂಬ ಶಂಕೆ ಉಳಿಯಿತು. ಪ್ರಾಣಿಗಳ ಮೇಲಿನ ಪರೀಕ್ಷೆಗಳು ಅದನ್ನು ಸ್ಪಷ್ಟವಾಗಿ ಬಗೆಹರಿಸಲಿಲ್ಲ. ಮಲೇರಿಯಾ ಹಬ್ಬುವ ಋತುವು ಕಳೆದುಹೋದರೆ ರೋಗಿಗಳ ಮೇಲಿನ ಪರೀಕ್ಷೆಗೆ ಮತ್ತೊಂದು ವರ್ಷ ಕಾಯಬೇಕಾಗಿತ್ತು. ಆಗ 1972ರ ಜುಲೈ ತಿಂಗಳಲ್ಲಿ ತು ಯುಯು ಮತ್ತು ಇಬ್ಬರು ಸಹೋದ್ಯೋಗಿಗಳು ಆಸ್ಪತ್ರೆಯಲ್ಲಿ ವೈದ್ಯರ ನಿಗಾದಲ್ಲಿದ್ದು, ತಾವೇ ಆ ಸಾರವನ್ನು ಸೇವಿಸಿದರು. ದುಷ್ಪರಿಣಾಮ ಕಾಣದಿರಲು, ಹೈನಾನ್ ದ್ವೀಪದಲ್ಲಿ 21 ರೋಗಿಗಳಿಗೆ ಅದನ್ನು ನೀಡಲಾಯಿತು. ಅವರ ಜ್ವರ ಇಳಿಯಿತು. ರಕ್ತದಲ್ಲಿನ ರೋಗಾಣುಗಳು ಮಾಯವಾದವು. ಅದೇ ವರ್ಷ ಪ್ರತ್ಯೇಕಿಸಲಾದ ಶುದ್ಧ ದ್ರವ್ಯವೇ ಇಂದಿನ ಆರ್ಟಿಮಿಸಿನಿನ್.

1977ರಲ್ಲಿ ಅದರ ರಚನೆಯನ್ನು ಕುರಿತ ಲೇಖನ ಪ್ರಕಟವಾದಾಗ ಅದರಲ್ಲಿ ಯಾವ ವ್ಯಕ್ತಿಯ ಹೆಸರೂ ಇರಲಿಲ್ಲ. ಸಂಶೋಧಕರ ಸಮೂಹದ ಹೆಸರು ಮಾತ್ರವಿತ್ತು. ತು ಯುಯು ಅವರಿಗೆ ನೊಬೆಲ್ ಪ್ರಶಸ್ತಿ ದೊರೆತದ್ದು 2015ರಲ್ಲಿ.

ಕೀರ್ತಿಯ ನಿಶ್ಚಯವಿಲ್ಲದ ಕಾಲದಲ್ಲಿಯೂ ಅವರು ಅಪಾಯದ ಮೊದಲ ಪಾಲನ್ನು ರೋಗಿಗೆ ಹೊರಿಸದೆ ತಾವೇ ತೆಗೆದುಕೊಂಡರು. ಔಷಧವನ್ನು ಕೊಡುವವನಿಗೆ ಜ್ಞಾನವಿದ್ದರೆ ಸಾಲದು, ಹೊಣೆಯೂ ಇರಬೇಕೆಂಬುದಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನ ಬೇಕಿಲ್ಲ.